ಮೂರನೆಯವಳು

ನಾಟಕದಲ್ಲಿ ನನಗೆ ಹನ್ನೊಂದು ಮಾತು.
ಎಣಿಸಿ ಬರೆದಿಟ್ಟಿದ್ದೇನೆ,
ರಾತ್ರಿಪಾಳಿ ಚೀಟಿಯ ಬೆನ್ನಿಗೆ.

ಪಾಂಡವಪುರದ ಹೆರಿಗೆ ವಾರ್ಡಿನಲ್ಲಿ ನಾನು ಆಯಾ.
ಬಾಗಿಲು ಕಿರ್ರೆಂದರೆ ಸಾಕು
ಬೆಂಚಿನ ಮೇಲಿದ್ದವರೆಲ್ಲ ಎದ್ದು
ನನ್ನ ಬಾಯನ್ನೇ ನೋಡುತ್ತಾರೆ.
ಅದಕ್ಕೇ ಇರಬೇಕು
ಮಾಟಗಾತಿ ಪಾತ್ರಕ್ಕೆ ಮೇಷ್ಟ್ರು ನನ್ನನ್ನು ಕರೆದದ್ದು.
ಮೊದಲನೆಯವಳು ಅಂಚೆ ಕಚೇರಿಯ ಸಾವಂದಮ್ಮ,
ಎರಡನೆಯವಳು ದರ್ಜಿ ಗೌಸ್.
ಮೀಸೆ ಬೋಳಿಸಲು ಒಪ್ಪದೆ
ಸೆರಗು ಕಚ್ಚಿಕೊಂಡೇ ಭವಿಷ್ಯ ನುಡಿದ.

ಕೊಪ್ಪರಿಗೆ ಬಂದದ್ದು ಆಲೆಮನೆಯಿಂದ, ಟ್ರ್ಯಾಕ್ಟರಿನಲ್ಲಿ.
ಅಂಚಿಗಿನ್ನೂ ಬೆಲ್ಲ ಮೆತ್ತಿತ್ತು.
ಮಂತ್ರ ಮರೆತಾಗಲೆಲ್ಲ
ಉಗುರಲ್ಲಿ ಕೆರೆದು ನೆಕ್ಕುತ್ತಿದ್ದೆವು ಮೂವರೂ.

ಚೆಲುವರಾಜು ಮೊದಲ ಅಂಕದಲ್ಲಿನ್ನೂ ದಳವಾಯಿ.
ಗೆದ್ದು ಬರುವಾಗ ಹೊಗೆಯೊಳಗಿಂದ ನಾವು ಏಳುತ್ತೇವೆ.
'ನಿನ್ನ ನೆತ್ತಿ ಕಿರೀಟದ ಅಳತೆಗಿದೆ' ಅನ್ನುತ್ತೇನೆ ನಾನು.
'ಹೊಳೆ ಬೆಟ್ಟ ಹತ್ತುವ ತನಕ ನಿನಗೆ ಸಾವಿಲ್ಲ.'
ಅವನು ನಗುತ್ತಾನೆ.
ಅದೇ ಅವನ ಕೊನೆಯ ನಗು, ಆಮೇಲೆ ಬರೀ ಲೆಕ್ಕ:
ಅನ್ನವಿಟ್ಟ ದೊರೆ, ಜೊತೆಗೆ ಬೆಳೆದ ಗೆಳೆಯ,
ಕಡೆಗೆ ಕೋಟೆಯ ಕೊಳಕ್ಕೂ ವಿಷ.

ಆದ್ದರಿಂದಲೇ ಮುತ್ತಿಗೆಗೆ ಬಂದವರು
ತಲೆಗೊಂದು ಬಿಂದಿಗೆ ಹೊಳೆನೀರು ಹೊತ್ತು ಬರುತ್ತಾರೆ,
ಎಂಟು ಮೆಟ್ಟಿಲ ಹಲಗೆ ಬೆಟ್ಟಕ್ಕೆ.
('ಕುಂತಿಬೆಟ್ಟ ಅಂದ್ಕೊಂಡು ಹತ್ರಯ್ಯ,' ಮೇಷ್ಟ್ರ ಅಪ್ಪಣೆ.)
ಚಾಪೆಯ ಮೇಲಿದ್ದ ಮುದುಕಿಯೊಬ್ಬಳು ಕೂಗಿಬಿಟ್ಟಳು:
'ಹೊಳೆ ಹತ್ಬುಡ್ತು ಕಣಪ್ಪೋ!'

ಪರದೆ ಬಿದ್ದ ಮೇಲೆ
ಏಳನೇ ಕ್ಲಾಸಿನ ಕೋಣೆಯಲ್ಲಿ ಕಾಡಿಗೆ ಒರೆಸಿಕೊಳ್ಳುತ್ತಿದ್ದೆ.
ಸತ್ತ ರಾಜ ಬಂದು ನಿಂತ, ಅರ್ಧ ಮೀಸೆ ಕಿತ್ತು.
'ಅಕ್ಕೋ, ಹಾಲಿನ ಸೊಸೈಟಿ ಎಲೆಕ್ಷನ್ನು.
ಈ ಸಲ ನಾನೇ ಅಧ್ಯಕ್ಷನಾ? ಒಂದ್ ಮಾತು ಹೇಳು.'
'ಥೂ, ನಾನೇನ್ ಬಲ್ಲೆ ಕಣಪ್ಪಾ.'
'ಇಲ್ಲ ಅಂತೂ ಅನ್ನಲಿಲ್ಲ ನೀನು,'
ಅಂದವನೇ ಹೊರಟ,
ಬಿಚ್ಚಿಟ್ಟ ಕಿರೀಟ ಇನ್ನೂ ತಲೆ ಮೇಲಿರುವ ಹಾಗೆ
ಕತ್ತು ನೆಟ್ಟಗಿಟ್ಟು.

ಆ ರಾತ್ರಿ ಪ್ರತಿ ತೆರೆದು ಹುಡುಕಿದೆ.
ನನ್ನವು ಹನ್ನೊಂದು, ಸಾವಂದಮ್ಮನವು ಹದಿನಾಲ್ಕು,
ಗೌಸನವು ಒಂಬತ್ತು, ಅದರಲ್ಲೆರಡು ಬರೀ ಕೇಕೆ.
ಎಲ್ಲಿಯೂ 'ಕೊಲ್ಲು' ಎಂದಿಲ್ಲ.
ಕತ್ತಿಯೂ ನಮ್ಮದಲ್ಲ.
ಹಿಡಿಯ ಸಂದಿಯಲ್ಲಿ ಆಯುಧಪೂಜೆಯ ಕುಂಕುಮ ಒಣಗಿದ್ದ ಅದನ್ನು
ಚೆಲುವರಾಜು ಅವನ ಮನೆಯಿಂದಲೇ ತಂದಿದ್ದ.

ಕೊಪ್ಪರಿಗೆ ವಾಪಸು ಹೋಯಿತು.
ಆ ವಾರದ ಬೆಲ್ಲ ಒಗರಿತ್ತಂತೆ.
'ಮಾಟಗಾತೀರು ಕಲಕಿದ್ದಲ್ವಾ' ಎಂದು ಆಡಿಕೊಂಡರಂತೆ.
ಇರಲಿ.

ಬೆಳಿಗ್ಗೆ ಆರಕ್ಕೆ ವಾರ್ಡಿನ ಬಾಗಿಲು ತೆರೆದೆ.
ಕಿವಿಯ ಹಿಂದೆ ಕಾಡಿಗೆ ಉಳಿದಿತ್ತೋ ಏನೋ,
ಬೆಂಚಿನಿಂದೆದ್ದವನು ಒಂದು ಹೆಜ್ಜೆ ಹಿಂದೆ ಸರಿದ.
'ಹೆಣ್ಣು' ಅಂದೆ.
ಅಷ್ಟೇ ನನಗೆ ಗೊತ್ತಿದ್ದದ್ದು.
ಅವನು ಹಾಗೇ ನಿಂತಿದ್ದ
ನನ್ನ ಬಾಯನ್ನೇ ನೋಡುತ್ತ,
ಮುಂದಿನ ಮಾತಿಗೆ.