ಐದನೆಯ ಮೆಟ್ಟಿಲು

ಸಿಕ್ಸ್ತೆನ್, ನಿನಗೊಂದು ಸುದ್ದಿ ಹೇಳಬೇಕು.
ನಮ್ಮೂರು ಮೂರು ಕಿಲೋಮೀಟರು ಪೂರ್ವಕ್ಕೆ ಹೊರಟಿದೆ.
ಹಾಸಿಗೆ ಸುತ್ತಿಕೊಂಡ ನೆಂಟನ ಹಾಗೆ
ಊರಿಗೆ ಊರೇ ಎದ್ದು ನಿಂತಿದೆ.

ಮೂವತ್ತು ವರ್ಷ ನೀನು ಅಗೆದೆಯಲ್ಲ ಅದಿರು,
ರಾತ್ರಿ ಒಂದೂವರೆಗೆ ಸಿಡಿಮದ್ದು ಗುಡುಗಿದಾಗ
ಕಪಾಟಿನ ಬಟ್ಟಲುಗಳು ಹಲ್ಲು ಕಡಿಯುತ್ತಿದ್ದವಲ್ಲ,
ಆ ಕಬ್ಬಿಣದ ಸಾಲು ನಮ್ಮ ಅಡುಗೆಮನೆಯ ಕೆಳಗೇ ಬಂದಿತ್ತಂತೆ.
ನಕ್ಷೆ ತಂದ ಹುಡುಗಿ, ಪಾಪ, ಬಿಸ್ಕತ್ತು ಮುಟ್ಟಲಿಲ್ಲ.
ನನಗೆ ನಗು ಬಂತು:
ಮನೆಯ ಸಾಲ ತೀರಿಸಲೆಂದು ನೀನು
ಮನೆಯಡಿಯ ನೆಲವನ್ನೇ ಅಗೆದು ಕೊಟ್ಟಿದ್ದೆ.

ನಾನೋ ಅಂಚೆಯವಳು. ಕಣ್ಣು ಮುಚ್ಚಿದರೂ
ಕಾಲಿಗೆ ಬಾಗಿಲುಗಳು ಗೊತ್ತಿದ್ದವು.
ಈಗ ಬೀದಿಯ ಹೆಸರು ಅವೇ, ತಿರುವು ಬೇರೆ;
ಪಾದ್ರಿಯ ಪತ್ರ ಕ್ಷೌರದಂಗಡಿಗೆ ಹೋಯಿತು,
ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಮ್ಮ ಮನೆ ಹೊರಲು ಬಂದವನು ಎನ್ಸಿಯೊ,
ನದಿಯಾಚೆಯ ಫಿನ್ನಿಷ್ ಮಾತಿನವನು,
ತೊಂಬತ್ತಾರು ಗಾಲಿಯ ಗಾಡಿ, ಎಡಗೈಲೊಂದು ಮೋಟು ಬೆರಳು.
ಕೇಳಿದ: "ಈ ಮನೆಯಲ್ಲಿ ಒಡೆಯಬಾರದ್ದು ಏನು?"
ಎಲ್ಲರೂ ಗಾಜು, ಪಿಂಗಾಣಿ ತೋರಿಸುತ್ತಾರಂತೆ.
ನಾನಂದೆ: "ಮೂರನೆಯ ಮೆಟ್ಟಿಲಿನ ಕಿರ್ ಸದ್ದು."

ಅವನು ನಗಲಿಲ್ಲ. ಹತ್ತಿದ, ಇಳಿದ, ಮತ್ತೆ ಹತ್ತಿದ,
ಚೀಟಿಯಲ್ಲಿ ಬರೆದುಕೊಂಡ.
ಅದು ನಿನ್ನ ರಾತ್ರಿಪಾಳಿ ಮುಗಿದ ಸದ್ದೆಂದು ನಾನು ಹೇಳಲಿಲ್ಲ.
ನೀನು ಹೋಗಿ ಏಳು ವರ್ಷವಾದರೂ
ಬೆಳಗಿನ ಜಾವ ನಾನೇ ಎದ್ದು
ಅದನ್ನು ಮೆಟ್ಟಿ ಬರುತ್ತೇನೆಂದೂ ಹೇಳಲಿಲ್ಲ.

ಹೊರಟ ದಿನ ಮೇಜಿನ ಮೇಲೆ
ಅಂಚಿನವರೆಗೂ ಕಾಫಿ ತುಂಬಿಟ್ಟೆ, ಪಂಥಕ್ಕೆ.
ಜೂನಿನ ಮುಳುಗದ ಸೂರ್ಯನಡಿ
ಬಸುರಿಯಂತೆ ನಿಧಾನ ನಡೆಯಿತು ಮನೆ.
ಹೆಗಲಲ್ಲಿ ಅಂಚೆಚೀಲ, ನಾನು ಹಿಂದೆ ಹಿಂದೆ,
ಇದು ಶವಯಾತ್ರೆಯೋ ದಿಬ್ಬಣವೋ ತಿಳಿಯದೆ.
ಒಂದು ಹನಿ ಚೆಲ್ಲಲಿಲ್ಲ.
ತಣ್ಣಗಾದ ಕಾಫಿಯನ್ನು ಅವನೇ ಕುಡಿದ.
"ಸಕ್ಕರೆ ಕಮ್ಮಿ" ಎಂದ.

ಆದರೆ ಹೊಸ ಅಡಿಪಾಯ ಅದೆಷ್ಟು ನೇರವೆಂದರೆ
ಮೆಟ್ಟಿಲು ಮೂಕವಾಗಿತ್ತು.
ಅಲ್ಲೇ ಕೂತು ಅತ್ತೆ, ಮೂಗು ಸುರಿಯುವಂತೆ;
ನಿನ್ನ ಮಣ್ಣಿನ ದಿನವೂ ಹಾಗೆ ಅತ್ತಿರಲಿಲ್ಲ.
ಎನ್ಸಿಯೊ ಮೊಣಕಾಲೂರಿ ಮೊಳೆ ಸಡಿಲಿಸಿದ,
ಬೆಣೆ ಹೊಡೆದ, ಹಲಗೆಗೆ ಕಿವಿಯಿಟ್ಟ.
ಏನೇನೋ ಸದ್ದು ಬಂತು, ಅದು ಬರಲಿಲ್ಲ.
"ತೂಕ ಹೊರಬಲ್ಲೆ," ಎಂದ. "ಸದ್ದು ಹೊರುವುದನ್ನು
ಯಾರೂ ಕಲಿಸಲಿಲ್ಲ."

ಆಮೇಲೆ ಬೇರೆಯವರ ಮನೆ ತರುವಾಗೆಲ್ಲ
ನಮ್ಮ ಅಂಗಳದಲ್ಲಿ ಗಾಡಿ ನಿಲ್ಲುತ್ತಿತ್ತು.
ಜೆರೇನಿಯಂ ಕುಂಡವನ್ನು ನಾನು ಹಠಕ್ಕೆ
ಹಳೆಯ ಕಿಟಕಿಯಲ್ಲೇ ಇಟ್ಟಿದ್ದೆ, ಅಲ್ಲೀಗ ಬಿಸಿಲಿಲ್ಲ.
ಅವನು ಕೇಳದೆ ಪೂರ್ವಕ್ಕೆ ಸರಿಸಿದ.
ಬೈದೆ. ಹಿಂದಕ್ಕಿಟ್ಟೆ. ಮತ್ತೆ ಸರಿಸಿದ.
ಮೊಗ್ಗು ಬಂದ ಮೇಲೆ
ಬೈಯಲು ಮಾತೇ ಸಿಗಲಿಲ್ಲ.

ಅಕ್ಟೋಬರಿನ ಮೊದಲ ಕೊರೆಯುವ ಚಳಿಗೆ ಮರ ಕುಗ್ಗಿತು.
ಬೆಳಗಿನ ಜಾವ, ಬಿಡದ ಚಾಳಿ, ಹತ್ತುತ್ತಿದ್ದೆ:
ಮೂರನೆಯದು ಸುಮ್ಮನಿತ್ತು, ನಾಲ್ಕನೆಯದೂ.
ಐದನೆಯದು ಕಿರ್ ಎಂದಿತು.
ಅದೇ ದನಿ, ಕೊಂಚ ಒರಟು.
ಎಲ್ಲರೂ ಮನೆ ಬದಲಿಸುವಾಗ
ಅದೂ ಎರಡು ಮೆಟ್ಟಿಲು ಮೇಲೆ ಬಂದು ಕೂತಿತ್ತು.

ನಿನ್ನೆ ರಾತ್ರಿ ಹಿಮ ಬಿತ್ತು, ಸಿಕ್ಸ್ತೆನ್.
ಬೂಟು ಕೈಯಲ್ಲಿ ಹಿಡಿದು ಯಾರೋ ಹತ್ತುತ್ತಿದ್ದರು,
ಯಾರೋ ಏನು, ಎನ್ಸಿಯೊ.
ಮಲಗಿದಲ್ಲೇ ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು,
ಅಲ್ಲಿ ನಿಂತ.
ಐದನೆಯದನ್ನು ಮುಟ್ಟದೆ
ಕಾಲು ಚಾಚಿ ದಾಟಲು ನೋಡುತ್ತಿದ್ದ;
ಅದು ನಿನ್ನದೆಂದು ಅವನಿಗೆ ಹೇಳಿದವರು ಯಾರೋ.
ಕತ್ತಲಲ್ಲೇ ಕೂಗಿದೆ:
"ಮೆಟ್ಟಿಯೇ ಬಾ."