ಮೂರನೆಯ ಬೀಗದ ಕೈ

ತಗಡಿನ ಪೆಟ್ಟಿಗೆ, ಹಸಿರು ಬಣ್ಣ, ಒಂದು ಮೂಲೆ ನೆಗ್ಗಿದೆ.
ಸಿನಾಜೊಂಗ್ವೆಯ ಬೆಸುಗೆಯವನು ಮೂರು ಕೊಂಡಿ ಹಾಕುತ್ತ ನಕ್ಕ:
'ಮೂರು ಬೀಗ ಯಾಕಮ್ಮ,
ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲವೇ?'
ಇದೆಯಪ್ಪ.
ಇಲ್ಲದ್ದು ಹುಣ್ಣಿಮೆಯ ಮೇಲೆ.

ಕರಿಬಾ ಸರೋವರದಲ್ಲಿ ಕಪೆಂಟ ಹಿಡಿಯುವುದು ಕತ್ತಲಲ್ಲಿ,
ದೀಪ ತೋರಿಸಿ.
ಬೆಳದಿಂಗಳಿದ್ದರೆ ಮೀನು ಮೋಸಹೋಗುವುದಿಲ್ಲ.
ಆ ಐದಾರು ರಾತ್ರಿ ಗಂಡಸರು ದಡದಲ್ಲಿ,
ಕೈಯಲ್ಲಿ ಕೆಲಸವಿಲ್ಲ, ಬಾಯಲ್ಲಿ ಬಾಯಾರಿಕೆ.

ದೋಣಿ ಅವರದು, ಬಲೆ ಅವರದು,
ಬೆಲೆ ಚೋಮಾದಿಂದ ಬರುವ ಲಾರಿಯವನದು.
ಬಿಸಿಲು, ನೊಣ, ಉಪ್ಪು ನಮ್ಮವು.
ಬೆರಳುದ್ದವಿಲ್ಲದ ಆ ಮೀನನ್ನು ಹರವಿ, ತಿರುವಿ, ಕಾಗೆ ಓಡಿಸಿ,
ವಾರಕ್ಕೆ ಇಪ್ಪತ್ತು ಕ್ವಾಚ ಉಳಿಸಿ
ಪೆಟ್ಟಿಗೆಗೆ ಹಾಕುತ್ತೇವೆ. ನೋಟುಗಳಿಗೂ ಮೀನಿನದೇ ವಾಸನೆ.

ಒಂದು ಬೀಗದ ಕೈ ಲ್ವೀಂಡೊಳ ತಾಯಿಯ ಸೊಂಟದ ಗಂಟಿನಲ್ಲಿ.
ಇನ್ನೊಂದನ್ನು ಮಿಯೋಬಾ ಅಜ್ಜಿ ಎಲ್ಲಿಡುತ್ತಾಳೋ,
ಅವಳ ಕೋಳಿಗಳಿಗೇ ಗೊತ್ತು.
ಮೂರನೆಯದು ನನ್ನ ಹಿಟ್ಟಿನ ಡಬ್ಬಿಯ ತಳದಲ್ಲಿ.

ಹೋದ ಹುಣ್ಣಿಮೆಗೆ ಮ್ವೀಂಬಾ ಬಾಗಿಲಲ್ಲಿ ನಿಂತ.
'ಬೀಗದ ಕೈ ಕೊಡು.'
ಕೊಟ್ಟೆ.
ಹೊಡೆಯಲು ಎತ್ತಿದ್ದ ಕೈಯಲ್ಲೇ ಇಟ್ಟೆ,
ಹಿಟ್ಟು ಮೆತ್ತಿದ ಹಾಗೇ.
ಜಗಳಕ್ಕೆ ಸಿದ್ಧನಾಗಿ ಬಂದವನಿಗೆ
ಆ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಪೆಟ್ಟಿಗೆ ಇರುವ ಮನೆಗೆ ಹೋದನಂತೆ.
ಒಂದು ಬೀಗ ಟಕ್ ಎಂದಿತಂತೆ.
ಉಳಿದೆರಡು ಬಾಯಿ ಬಿಡಲಿಲ್ಲ.
ಮಿಯೋಬಾಳನ್ನು ಎಬ್ಬಿಸಿದ. ಅವನ ಸೂಲಗಿತ್ತಿ ಅವಳು.
'ಹುಟ್ಟುವಾಗಲೂ ಕಾಲೇ ಮುಂದೆ ಮಾಡಿ ಬಂದೆ' ಅಂದಳಂತೆ,
'ಆಗಲೂ ಅವಸರವೇ. ಹೋಗಿ ಮಲಗು.'

ಗುರುವಾರ ಹುಣಸೆ ಮರದ ಕೆಳಗೆ ನಾವು ಲೆಕ್ಕಕ್ಕೆ ಕೂತಾಗ
ಅವನು ಬಂದ, ತಡವಾಗಿ.
ತಡವಾದರೆ ಐದು ಕ್ವಾಚ ದಂಡ; ಯಾರೆಂದು ನಿಯಮ ಕೇಳುವುದಿಲ್ಲ.
ಲ್ವೀಂಡೊ ತಟ್ಟೆ ಹಿಡಿದಳು.
ಜೇಬು ತಡಕಿದ, ಹಾಕಿದ.
ಬೀಗದ ಕೈಯನ್ನೂ ಅದರಲ್ಲೇ ಹಾಕಿದ.
ಯಾರೂ ನಗಲಿಲ್ಲ. ಅದು ತುಂಬ ಕಷ್ಟವಾಯಿತು.

ಬಲೆ ಹರಿದಿದೆ, ಸಾಲ ಬೇಕು ಎಂದ, ಮರಕ್ಕೆ ಹೇಳುವವನಂತೆ.
ಸದಸ್ಯರಿಗೆ ಮಾತ್ರ ಎಂದೆವು.
ಆಮೇಲೆ ಅವನು ನನ್ನತ್ತ ನೋಡಿದ.
ಹದಿನೇಳು ವರ್ಷದ ಸಂಸಾರದಲ್ಲಿ
ಅವನು ಕೇಳುವವನಾಗಿ, ನಾನು ಯೋಚಿಸುವವಳಾಗಿ
ಕೂತದ್ದು ಅದೇ ಮೊದಲು. ಯೋಚಿಸಿದೆ,
ಸ್ವಲ್ಪ ಹೆಚ್ಚೇ ಹೊತ್ತು.

'ಯಾರ ಹೆಸರಿಗೆ ಬರೆಯಲಿ?' ಲ್ವೀಂಡೊ ಪೆನ್ನು ಎತ್ತಿದಳು.
ಊರಿಗೆಲ್ಲ ನಾನು ಚೂಲ್ವೆಯ ತಾಯಿ.
'ನಮೂಂಗ' ಎಂದೆ.
ಯಾರದು ಎಂಬಂತೆ ಇಬ್ಬರು ತಿರುಗಿ ನೋಡಿದರು.

ಬಲೆ ಬಂತು. ಅರ್ಧ ನನ್ನದು; ಯಾವ ಅರ್ಧ ಎಂದು
ಇನ್ನೂ ವಾದ ನಡೆದಿದೆ.
ನಾಳೆ ಮತ್ತೆ ಹುಣ್ಣಿಮೆ.
ಡಬ್ಬಿಯಲ್ಲಿ ಹಿಟ್ಟಿದೆ,
ಹಿಟ್ಟಿನ ತಳದಲ್ಲಿ ಕೈ.