ಒಳಬರಹ

ಇಪ್ಪತ್ತೆರಡನೇ ವರುಷ, ಎಂದು ಬರೆಯಬೇಕು.
ಯಾವುದರ ಇಪ್ಪತ್ತೆರಡು? ಹಗ್ರು ಕೇಳುತ್ತಾಳೆ.
ಪ್ರಾಂತ್ಯದ್ದು, ಅನ್ನುತ್ತೇನೆ.
ನಮ್ಮ ಕೊನೆಯ ರಾಜ ಕಣ್ಣು ಮುಚ್ಚಿ
ರೋಮಿನವರು ಬಾಗಿಲು ತೆರೆದ ಮೇಲಿನ ಲೆಕ್ಕ.
“ಆಗ ನನಗೆ ಮೂರು ಹಾಲುಹಲ್ಲು ಬಿದ್ದಿದ್ದವು,
ಅದನ್ನೂ ಬರಿ.”

ಮೊದಲು ಕಾನ್ಸಲರಿಬ್ಬರ ಹೆಸರು,
ಈ ಉಪ್ಪುಕಡಲ ದಂಡೆಯ ಬಿಸಿಲು ಕಾಣದವರು.
ಆಮೇಲೆ ಸೀಸರನ ಬಿರುದುಗಳು.
ಪಪೈರಸ್ಸಿನ ಕಾಲುಭಾಗ ಅವಕ್ಕೇ ಮುಗಿಯಿತು.
ಆಮೇಲೆ ಅವಳು:
ಮಹೋಜಾದ ಮನಾತುವಿನ ಮಗಳು, ವಿಧವೆ, ಹಗ್ರು.

ಗಂಟಲ ತಳದಿಂದ ಏಳುವ ಆ ನಮ್ಮ ಅಕ್ಷರಕ್ಕೆ
ಗ್ರೀಕಿನಲ್ಲಿ ಮನೆಯಿಲ್ಲ.
ಅಗ್ರೂಸ್, ಎಂದು ಬರೆದೆ.
ಓದಿ ಹೇಳು, ಅಂದಳು.
ಓದಿದೆ.
ಯಾರನ್ನು ಕರೆದೆನೋ ಎಂದು
ತನ್ನ ಬೆನ್ನ ಹಿಂದೆ ತಿರುಗಿ ನೋಡಿದಳು.

ನಾನು ಅವಳಿಗೆ ಹೇಳಲಿಲ್ಲ:
ಬೊಸ್ತ್ರದ ಕಚೇರಿಯಲ್ಲಿ ನಾನು ದೊರೊಥೆಯೊಸ್.
ಅರ್ಥ ಹೆಚ್ಚುಕಡಿಮೆ ಅದೇ, ದೇವರು ಕೊಟ್ಟದ್ದು;
ಕೊಟ್ಟ ದೇವರು ಯಾರೆಂಬುದಷ್ಟೇ ಬೇರೆ.
ಅಲ್ಲಿ ಆ ಹೆಸರಿಗೆ ತಟ್ಟನೆ ಎದ್ದು ನಿಲ್ಲುತ್ತೇನೆ.
ಮನೆಯಲ್ಲಿ ಅಮ್ಮ ವಹ್ಬೂ ಎಂದರೆ
ಈಚೀಚೆಗೆ ಎರಡು ಸಲ ಕೂಗಬೇಕಾಗುತ್ತದೆ.

ನಮ್ಮ ರಕ್ಮುವನ್ನು ಅವರು ಪೆತ್ರಾ ಅನ್ನುತ್ತಾರೆ.
ಪೆತ್ರಾ ಅಂದರೆ ಬಂಡೆ.
ಹೆಸರು ಗೊತ್ತಿಲ್ಲದ ನಾಯಿಯನ್ನು
ನಾವು ಕರಿಯ ಎಂದು ಕರೆಯುವ ಹಾಗೆ.
ಬಾಲ ಅಲ್ಲಾಡಿಸುತ್ತದೆ, ಅದು ಬೇರೆ ಮಾತು.

ಚಕ್ಕುಬಂದಿ ಹೇಳು, ಅಂದೆ.
ಮೂಡಲಿಗೆ ಓಣಿ. ತೆಂಕಲಿಗೆ ಮೈದುನನ ಗೋಡೆ,
ಅದು ವರುಷಕ್ಕೊಂದು ಗೇಣು ಇತ್ತ ನಡೆಯುತ್ತದೆ.
ಬಡಗಲಿಗೆ ಒಣಹಳ್ಳ.
ಪಡುವಲಿಗೆ ರಾಜನ ಖರ್ಜೂರದ ತೋಟ.
ರಾಜನದಲ್ಲ, ಸೀಸರನದು, ಎಂದು ತಿದ್ದಿದೆ.
“ಮರಗಳು ಅವೇನಾ?”
ಅವೇ.
“ಕದಿಯುವ ಹುಡುಗರೂ ಅವರೇ ಮಕ್ಕಳು.”
ಇದನ್ನು ಬರೆಯಲಿಲ್ಲ.

ಸೀಸರನ ತೂಖೆಯ ಮೇಲೆ ಆಣೆ ಮಾಡಬೇಕು.
“ಯಾರವಳು?”
ಗದ್ ಇದ್ದಾನಲ್ಲ, ಊರ ಅದೃಷ್ಟ ಕಾಯುವವನು,
ಅವರಲ್ಲಿ ಅವನು ಹೆಂಗಸು.
ಹಗ್ರು ಬಾವಿಕಟ್ಟೆಯ ಕಡೆ ಮುಖ ಮಾಡಿ
ತುಟಿಯೊಳಗೇ ಏನೋ ಹೇಳಿಕೊಂಡಳು.
ಅದನ್ನೇ ತೂಖೆ ಎಂದು ಬರೆದೆ.

ನೀರಿನ ಪಾಲು ಬಂದಾಗ ಲೇಖನಿ ನಿಂತಿತು.
ವಾರದ ನಾಲ್ಕನೇ ದಿನ, ಅರ್ಧ ಗಳಿಗೆ.
ನಮ್ಮಲ್ಲಿ ಅದಕ್ಕೊಂದು ಮಾತಿದೆ:
ಯಾರೋ ಕೊಟ್ಟ ನೀರಲ್ಲ, ತಾನಾಗಿ ಬಂದ ನೀರಲ್ಲ,
ಸರದಿಗೆಂದೇ ಹುಟ್ಟಿದ ನೀರು,
ತೂಬಿನ ಬಾಯಲ್ಲಿ ಹೆಸರು ಹಿಡಿದು ಕರೆದರೆ ಹೊರಡುವಂಥದ್ದು.
ಗ್ರೀಕಿನಲ್ಲಿ ಹುಡುಕಿದೆ.
ಗುರುಗಳು ಕಲಿಸಿದ ಒಳ್ಳೊಳ್ಳೆಯ ಪದಗಳೆಲ್ಲ
ಒಣಗಿದ ಕೊಡಗಳಂತೆ ಸಾಲಾಗಿ ಕೂತಿದ್ದವು.
ಕೊನೆಗೆ ನಮ್ಮ ಮಾತನ್ನೇ ಅವರ ಅಕ್ಷರದಲ್ಲಿ ನಿಲ್ಲಿಸಿದೆ.
ಅಪ್ಪನ ಮೆಟ್ಟು ಹಾಕಿಕೊಂಡ ಮಗುವಿನ ಹಾಗೆ
ಹನ್ನೊಂದನೇ ಸಾಲಿನಲ್ಲಿದೆ, ಎಡವುತ್ತ.

“ಅಕ್ಷರ ಬಾರದ ಇವಳ ಪರವಾಗಿ,” ಎಂದು
ಮೈದುನ ಸಹಿ ಮಾಡುವಾಗ
ಅವಳು ಕೇಳಿದಳು:
“ಯಾವ ಅಕ್ಷರ ಅಂತ ಬರೆದಿದ್ದೀಯಾ?”

ಎರಡು ಸಲ ಬರೆಯುವುದು ಪದ್ಧತಿ.
ಮೇಲಿನದನ್ನು ಇರುವೆಯಕ್ಷರದಲ್ಲಿ ಬರೆದು
ಸುರುಳಿ ಸುತ್ತಿ ದಾರ ಹಾಕಿ ಹೊಲಿಯುತ್ತೇವೆ;
ಕೆಳಗಿನದು ತೆರೆದೇ ಇರುತ್ತದೆ, ಕಂಡವರು ಓದಲಿ ಎಂದು.
ಬೆನ್ನಿನ ಮೇಲೆ ಐದು ಗಂಟು, ಗಂಟಿಗೊಬ್ಬ ಸಾಕ್ಷಿ,
ಒಬ್ಬೊಬ್ಬನದು ಒಂದೊಂದು ಲಿಪಿ.
ಒಂಟೆದಳದಲ್ಲಿದ್ದ ಮುದುಕ ಮಾತ್ರ ಗ್ರೀಕಿನಲ್ಲಿ,
ನಾಲಗೆ ಕಚ್ಚಿ, ತನ್ನ ಹೆಸರನ್ನೇ ತಪ್ಪಾಗಿ.

ಒಳಬರಹದಲ್ಲಿ, ಅಗ್ರೂಸ್ ಎಂಬುದಕ್ಕೆ ಮುಂಚೆ,
ಒಂದಕ್ಷರದಷ್ಟು ಜಾಗ ಬಿಟ್ಟಿದ್ದೇನೆ.
ವ್ಯಾಜ್ಯ ಬಂದು, ದಾರ ಕತ್ತರಿಸಿ,
ಯಾವನಾದರೂ ಅಧಿಕಾರಿ ಬೆಳಕಿಗೆ ಹಿಡಿದ ದಿನ
ಮಸಿ ತೀರಿತ್ತೇನೋ ಅಂದುಕೊಂಡಾನು.
ಅಲ್ಲಿ ಒಂದು ಉಸಿರಿದೆ.
ಯಾರಿಗೂ ಹೇಳಿಲ್ಲ.

ಕೂಲಿ ಒಂದು ಮಡಿಲು ಖರ್ಜೂರ,
ಅರ್ಧಕ್ಕರ್ಧ ದೋರೆಗಾಯಿ.
“ಗ್ರೀಕಿಗೆ ಇಷ್ಟು ಸಾಕು,” ಅಂದವಳೇ
ನೀರಿನ ಹೊತ್ತು ಮೀರೀತೆಂದು
ಸೆರಗು ಬಿಗಿದು ಓಡಿದಳು.